ಕಲಿತ ನಾಯಿ, ಕಲಿಯದ ನಾಯಿ



ಕಳೆದ ಚಳಿಗಾಲದ ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದೆ. ಹಿಂದೆ ನಮ್ಮ ಮದ್ರಸದಲ್ಲಿ ಓದಿದ್ದ ಹುಡುಗನೊಬ್ಬ ಹೊರಗೆ ಕಾಯುತ್ತಿದ್ದ. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯ ಪಕ್ಕದ ಹಳ್ಳಿಯವನು, ವಯಸ್ಸು ಹದಿನೇಳು. ಕೈಯಲ್ಲೊಂದು ಬಟ್ಟೆಯ ಗಂಟು. ಅಂಗಿಯ ಮೇಲೆ ರಕ್ತದ ಕಲೆ.

"ಹಜರತ್, ಅಮ್ಮಿ ಕೇಳ್ಕೊಂಡು ಬಾ ಅಂದಾರ. ಇದನ್ನ ಅಡಗಿ ಮಾಡಬಹುದಾ ಇಲ್ಲಾ?"

ಗಂಟಿನಲ್ಲಿದ್ದುದು ಒಂದು ಮೊಲ. ಅವನು ಸಾಕಿದ ಏಳು ತಿಂಗಳ ನಾಯಿಮರಿ ರಾತ್ರಿ ಕಾಲುವೆಯ ಏರಿಯ ಮೇಲೆ ಹಿಡಿದದ್ದು. ಅದರ ಮೊದಲ ಬೇಟೆ. ಹುಡುಗನ ಮುಖದಲ್ಲಿ ಹೆಮ್ಮೆಯೂ ಇತ್ತು, ಭಯವೂ ಇತ್ತು. ಬೇವಿನ ಮರಕ್ಕೆ ಕಟ್ಟಿದ್ದ ನಾಯಿ ಮುಂಗಾಲೊಂದನ್ನು ಎತ್ತಿ ಹಿಡಿದು ನಿಂತಿತ್ತು.

ನಾನು ಕೇಳಿದೆ: "ನಾಯಿ ಬಿಡುವಾಗ ಬಿಸ್ಮಿಲ್ಲಾಹ್ ಅಂದಿಯೇನು?"

"ನಾ ಬಿಟ್ಟಿಲ್ರೀ ಹಜರತ್. ಮೊಲ ಕಂಡದ್ದೇ ತಡ, ಹಗ್ಗ ಕಿತ್ಕೊಂಡು ಓಡಿತು."

"ಕರೆದರೆ ಬಂತೇ?"

"ಇಲ್ಲ."

"ಹಿಡಿದದ್ದನ್ನು ತಿಂದಿದೆಯೇ?"

ಅವನು ಗಂಟು ಬಿಚ್ಚಿ ತೋರಿಸಿದ. ಹಿಂದಿನ ತೊಡೆಯೊಂದು ಇರಲಿಲ್ಲ.

ಆ ತಾಯಿಗೆ ನಾನು ಕಳಿಸಿದ ಉತ್ತರ ಚಿಕ್ಕದು: ಒಲೆಗೆ ಇಡಬೇಡಿ, ಗುಂಡಿ ತೋಡಿ ಹೂಳಿಬಿಡಿ. ಬಡ ಮನೆ. ಮಾಂಸ ಕಣ್ಣೆದುರಿಗಿದ್ದರೂ ಮೊದಲು ಕೇಳಿಕೊಂಡು ಬಾ ಎಂದು ಮಗನನ್ನು ಕಳಿಸಿದ ಆ ತಾಯಿಯ ತಕ್ವಾ ನನ್ನ ಮನಸ್ಸಿನಲ್ಲಿ ಉಳಿದಿದೆ. ಆದರೆ ಹುಡುಗ ಹೋಗಲಿಲ್ಲ. "ಹಂಗಾದ್ರ ಇದಕ್ಕ ಹೆಂಗ ಕಲಿಸಬೇಕು?" ಎಂದು ಕೇಳಿದ. ಈ ಪಾಠವನ್ನು ಅವನ ಪ್ರಶ್ನೆಗಾಗಿಯೇ ಬರೆಯುತ್ತಿದ್ದೇನೆ. ನಾಯಿ ಸಾಕುವ ಆಸೆ ನಮ್ಮ ಕಡೆಯ ಹುಡುಗರಲ್ಲಿ ಹೆಚ್ಚಾಗಿದೆ. ಅವರಿಗೆ ಸಿಗುವ ಉತ್ತರಗಳು ಮಾತ್ರ ಎರಡೇ: ಒಂದು ಕಡೆ 'ನಾಯಿಯೇ ನಾಪಾಕ್, ಮುಟ್ಟಬೇಡ' ಎಂಬ ಗದರಿಕೆ, ಇನ್ನೊಂದು ಕಡೆ 'ಬಿಡು, ಓಡಲಿ, ಹಿಡಿಯಲಿ' ಎಂಬ ಗೆಳೆಯರ ಉತ್ಸಾಹ.

ಕಲಿಸುವುದು ಎಂದರೆ

ಮೊಲ ತಿನ್ನುವುದು ಹಲಾಲ್. ಮರ್ರುಝ್ಝಹ್ರಾನ್ ಎಂಬಲ್ಲಿ ಜನರು ಮೊಲವೊಂದರ ಹಿಂದೆ ಓಡಿ ಸುಸ್ತಾದಾಗ ಅನಸ್(ರ) ಅದನ್ನು ಹಿಡಿದರು. ಅದರ ತೊಡೆಯನ್ನು ಪ್ರವಾದಿವರ್ಯರಿಗೆ(ಸ) ಕಳುಹಿಸಲಾಯಿತು, ಅವರು ಸ್ವೀಕರಿಸಿದರು ಎಂದು ಸಹೀಹ್ ಹದೀಸಿನಲ್ಲಿದೆ. ಹಾಗಾದರೆ ಆ ಹುಡುಗನ ಮೊಲ ಏಕೆ ಹಲಾಲ್ ಆಗಲಿಲ್ಲ? ತೊಡಕು ಮೊಲದಲ್ಲಿರಲಿಲ್ಲ, ನಾಯಿಯ ಶಿಕ್ಷಣದಲ್ಲಿತ್ತು.

ಸೂರಃ ಅಲ್ ಮಾಇದಃದ ನಾಲ್ಕನೆಯ ವಚನವನ್ನು ತೆರೆದು ನೋಡಿರಿ. ಬೇಟೆಯ ಪ್ರಾಣಿಗಳು ನಿಮಗಾಗಿ ಹಿಡಿದುಕೊಟ್ಟದ್ದನ್ನು ತಿನ್ನಬಹುದೆಂದು ಹೇಳುವಾಗ ಅಲ್ಲಾಹನು ಅವುಗಳಿಗೆ ನೀವು ಕಲಿಸಿರಬೇಕು ಎಂಬ ಷರತ್ತು ಇಟ್ಟಿದ್ದಾನೆ. ಅಷ್ಟೇ ಅಲ್ಲ, ನೀವು ಅವುಗಳಿಗೆ ಕಲಿಸುವ ವಿದ್ಯೆಯೂ ಅಲ್ಲಾಹನು ನಿಮಗೆ ಕಲಿಸಿದ ವಿದ್ಯೆಯ ಅಂಶವೇ ಎಂದು ನೆನಪಿಸಿದ್ದಾನೆ. ನಾಯಿಗೆ ಪಾಠ ಹೇಳುವವನನ್ನು ಕುರ್‌ಆನ್ ಇಲ್ಲಿ ಶಿಕ್ಷಕನ ಸ್ಥಾನದಲ್ಲಿ ನಿಲ್ಲಿಸಿದೆ. ಕ್ರಿ.ಶ. 1350ರಲ್ಲಿ ನಿಧನರಾದ ಇಬ್ನುಲ್ ಕಯ್ಯಿಮ್‌ರು ಜ್ಞಾನದ ಮಹಿಮೆಯನ್ನು ವಿವರಿಸುವಾಗ ಈ ವಚನವನ್ನೇ ಆಧಾರವಾಗಿ ತೆಗೆದುಕೊಂಡಿದ್ದಾರೆ. ಕಲಿತ ನಾಯಿ ಹಿಡಿದದ್ದು ಆಹಾರ, ಕಲಿಯದ ನಾಯಿ ಕೊಂದದ್ದು ಶವ. ನಾಯಿಯಲ್ಲೂ ವಿದ್ಯೆ ಇಷ್ಟು ಅಂತರ ಮಾಡುತ್ತದೆಂದರೆ ಮನುಷ್ಯನಲ್ಲಿ ಎಷ್ಟು ಮಾಡಬೇಡ ಎಂಬುದು ಅವರ ವಾದ.

ತಯ್ ಗೋತ್ರದ ಅದಿಯ್ಯ್ ಬಿನ್ ಹಾತಿಮ್(ರ), ದಾನಕ್ಕೆ ಹೆಸರಾದ ಹಾತಿಮ್ ತಾಯಿಯ ಮಗ, ನಾಯಿಗಳಿಂದ ಬೇಟೆಯಾಡುವವರಾಗಿದ್ದರು. ಅವರು ಪ್ರವಾದಿವರ್ಯರಲ್ಲಿ(ಸ) ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅಲ್ಲಾಹನ ಹೆಸರು ಹೇಳಿ ಬಿಟ್ಟ ಕಲಿತ ನಾಯಿ ಹಿಡಿದಿಟ್ಟದ್ದನ್ನು ತಿನ್ನಬಹುದು ಎಂಬ ಉತ್ತರ ಬಂತು. ಅದು ತಾನೇ ತಿಂದಿದ್ದರೆ ಬೇಡ, ಏಕೆಂದರೆ ತನಗಾಗಿ ಹಿಡಿದಿದೆ. ಬೇರೆ ನಾಯಿ ಜೊತೆ ಸೇರಿದ್ದರೆ ಬೇಡ, ಏಕೆಂದರೆ ನೀನು ಅಲ್ಲಾಹನ ಹೆಸರು ಹೇಳಿದ್ದು ನಿನ್ನ ನಾಯಿಯ ಮೇಲೆ ಮಾತ್ರ. ಬಾಣ ತಗುಲಿದ ಪ್ರಾಣಿ ನೀರಿನಲ್ಲಿ ಬಿದ್ದು ಸತ್ತು ಸಿಕ್ಕರೆ ಅದೂ ಬೇಡ, ಕೊಂದದ್ದು ಬಾಣವೋ ನೀರೋ ತಿಳಿಯದು. ಎಲ್ಲೆಲ್ಲಿ ಸಂಶಯವೋ ಅಲ್ಲೆಲ್ಲ ಕೈ ಹಿಂದಕ್ಕೆ! ಅಬೂ ಸಅ್‌ಲಬಾ(ರ) ಎಂಬ ಇನ್ನೊಬ್ಬ ಸಹಾಬಿ ಕಲಿಯದ ನಾಯಿಯ ಬಗ್ಗೆ ಕೇಳಿದಾಗ, ಅದು ಹಿಡಿದದ್ದು ಜೀವಂತ ಸಿಕ್ಕಿ ನೀನೇ ಝಬಹ್ ಮಾಡಿದರೆ ಮಾತ್ರ ತಿನ್ನಬಹುದು ಎಂಬ ಉತ್ತರ ಸಿಕ್ಕಿತು.

ನಾಯಿ ಕಲಿತಿದೆ ಎಂದು ತಿಳಿಯುವುದು ಹೇಗೆ? ಕಳಿಸಿದಾಗ ಹೋಗಬೇಕು, ತಡೆದಾಗ ನಿಲ್ಲಬೇಕು, ಹಿಡಿದದ್ದನ್ನು ತಿನ್ನದೆ ಇಟ್ಟುಕೊಳ್ಳಬೇಕು. ಶಾಫಿಈ ಪಂಡಿತರು ಈ ಮೂರನ್ನೂ ಹೇಳಿ, ಇದು ಮತ್ತೆ ಮತ್ತೆ ಕಂಡುಬಂದರೆ ಮಾತ್ರ ಕಲಿತದ್ದೆಂದು ಎಣಿಸುತ್ತಾರೆ. ಇಮಾಮ್ ಅಬೂ ಹನೀಫಾರ ಇಬ್ಬರು ಶಿಷ್ಯರು ಮೂರು ಸಲ ತಿನ್ನದೆ ಬಿಟ್ಟರೆ ಕಲಿತಂತೆ ಎಂದರು. ಇಮಾಮರು ಸ್ವತಃ ಲೆಕ್ಕ ಕಟ್ಟದೆ ಕಲಿಸುವವನ ವಿವೇಕಕ್ಕೆ ಬಿಟ್ಟರೆಂದು ವರದಿಯಿದೆ. ಮಾಲಿಕೀಗಳಲ್ಲಿ ತಿನ್ನದಿರುವ ಷರತ್ತು ಇಲ್ಲ, ಆದರೆ ಈ ಭಾಗದ ನಾವು ಹನಫೀಗಳು, ಕರಾವಳಿಯ ಅನೇಕ ಸಹೋದರರು ಶಾಫಿಈಗಳು.

ಮರ್ಗೀನಾನಿಯವರ 'ಹಿದಾಯಾ'ದಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ. ಗಿಡುಗದ ಪರೀಕ್ಷೆ ಬೇರೆ, ನಾಯಿಯ ಪರೀಕ್ಷೆ ಬೇರೆ. ಗಿಡುಗ ಸ್ವಭಾವತಃ ಮನುಷ್ಯನಿಂದ ದೂರ ಹಾರುವ ಹಕ್ಕಿ. ಕರೆದಾಗ ಮರಳಿ ಬಂದರೆ ಅದು ಕಲಿತಂತೆ. ನಾಯಿ ಹೇಗೂ ಮನುಷ್ಯನ ಹಿಂದೆ ಬರುವಂಥದು, ಅದರ ಸ್ವಭಾವ ಕಸಿದು ತಿನ್ನುವುದು. ಆದ್ದರಿಂದ ಬಾಯಲ್ಲಿದ್ದುದನ್ನು ತಿನ್ನದೆ ಬಿಟ್ಟರೆ ಅದು ಕಲಿತಂತೆ. ಯಾವ ಜೀವಿಗೆ ಯಾವುದು ಕಠಿಣವೋ ಅದರಲ್ಲೇ ಪರೀಕ್ಷೆ. ಮೂವತ್ತು ಮಕ್ಕಳಿಗೆ ಒಂದೇ ಪಾಠ ಒಪ್ಪಿಸುವ ನಮ್ಮಂಥ ಮಾಸ್ತರರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ನಮ್ಮ ಸೀಮೆಯ ನಾಯಿ

ಹುಡುಗನ ನಾಯಿ ಶುದ್ಧ ತಳಿಯದಲ್ಲ. ತಾಯಿ ಮುಧೋಳ ನಾಯಿ, ತಂದೆ ಊರ ನಾಯಿ. ಇಂಥ ಬೆರಕೆಯನ್ನು ಇಂಗ್ಲೆಂಡಿನಲ್ಲಿ ಲರ್ಚರ್ ಎನ್ನುತ್ತಾರೆ. ಓಟದ ನಾಯಿಯ ಕಾಲು, ಕುರಿನಾಯಿಯ ಬುದ್ಧಿ ಎರಡೂ ಒಂದರಲ್ಲೇ ಸಿಗಲೆಂದು ಅಲ್ಲಿ ಬೇಕೆಂದೇ ಕೂಡಿಸುತ್ತಾರೆ. ನಮ್ಮಲ್ಲಿ ತಾನಾಗಿ ಆಗುತ್ತದೆ.

ಮುಧೋಳದ ಮುಂದೆ ಹರಿಯುವ ಘಟಪ್ರಭೆಯ ನೀರು ಕೃಷ್ಣೆಗೆ ಸೇರಿ ನಮ್ಮ ನಾರಾಯಣಪುರದ ಬಸವಸಾಗರಕ್ಕೇ ಬರುತ್ತದೆ. ಆ ನಾಯಿಯೂ ಹಾಗೆಯೇ ಈ ಕಡೆಗೆ ಹರಡಿಕೊಂಡಿದೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದರೆಂದು ಪ್ರಸಿದ್ಧಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿನ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್‌ಗೆ ಹೋದವು. ನೀಳ ಮುಖ, ಆಳವಾದ ಎದೆ, ಸಣ್ಣ ಸೊಂಟ, ಮೈಮೇಲೆ ಕೊಬ್ಬೇ ಇಲ್ಲ. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ, ನೋಡಿ ಬೇಟೆಯಾಡುವ ನಾಯಿ. ಓಡುವ ವಸ್ತುವಿನ ಮೇಲೆ ಕಣ್ಣು ನೆಟ್ಟಿತೆಂದರೆ ಕಿವಿ ಮುಚ್ಚಿದಂತೆಯೇ. ಆ ಹುಡುಗ ಎಷ್ಟು ಕೂಗಿದರೂ ಅದು ಬರಲಿಲ್ಲವಲ್ಲ, ಅದು ಹಟವಲ್ಲ. ಕೂಗು ಅದರ ಮನಸ್ಸಿಗೆ ತಲುಪಿರಲೇ ಇಲ್ಲ.

ಮುಚ್ಚಿದ ಬಾಗಿಲು

ಕಲಿಸುವ ಮಾತಿಗೆ ಮುಂಚೆ ಇನ್ನೊಂದು ಮಾತನ್ನು ಹುಡುಗನಿಗೆ ಹೇಳಲೇಬೇಕಿತ್ತು, ಓದುಗರಿಗೂ ಹೇಳಬೇಕು. ಸುರಪುರ ಬೇಡ ನಾಯಕರು ಆಳಿದ ಸಂಸ್ಥಾನ. ಬೇಟೆ ಈ ನೆಲದ ಹಳೆಯ ವಿದ್ಯೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ, ಇವುಗಳ ನಂತರ ನಮ್ಮ ದೇಶದಲ್ಲಿ ಆಸೆಗಾಗಿ ಬೇಟೆಯಾಡುವ ದಾರಿ ಮುಚ್ಚಿದೆ. ಚಿಗರಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ, ಮೊಲವೂ ರಕ್ಷಿತ ಪ್ರಾಣಿಯೇ. ಕೊಲ್ಲುವುದು ಮಾತ್ರ ಬೇಟೆ ಎಂದು ತಿಳಿಯಬೇಡಿ. ಆ ಕಾಯಿದೆಯ ಅರ್ಥವಿವರಣೆಯಲ್ಲಿ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು, ಬಲೆಗೆ ಬೀಳಿಸುವುದು, ಅದಕ್ಕಾಗಿ ಪ್ರಯತ್ನಿಸುವುದು ಕೂಡ ಬೇಟೆಯೇ. ಮೊಲ ತಪ್ಪಿಸಿಕೊಂಡರೂ ನಾಯಿ ಬಿಟ್ಟವನು ತಪ್ಪಿಸಿಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ ಕೂಡ 2004ರ ಕಾನೂನು ನಾಯಿಗಳಿಂದ ಕಾಡುಮೊಲ ಹಿಡಿಸುವುದನ್ನು ನಿಷೇಧಿಸಿದೆ.

"ಅಲ್ಲಾಹ್ ಹಲಾಲ್ ಮಾಡಿದ್ದನ್ನು ಸರಕಾರ ಹೇಗೆ ತಡೆಯುತ್ತದೆ?" ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೇ: ಬೇಟೆಗೆ ಅನುಮತಿ ಕೊಟ್ಟ ಅದೇ ಸೂರಃವನ್ನು ಮೊದಲಿನಿಂದ ಓದಿರಿ. ಅದು ತೊಡಗುವುದೇ ಕರಾರುಗಳನ್ನು ಪಾಲಿಸಿರಿ ಎಂಬ ಆಜ್ಞೆಯಿಂದ. ಒಂದು ದೇಶದ ಪ್ರಜೆಯಾಗಿ ಬಾಳುವುದು ಒಂದು ಕರಾರು. ಹಲಾಲ್ ಆದದ್ದನ್ನೆಲ್ಲ ಮಾಡಲೇಬೇಕೆಂದು ಯಾವ ಪಂಡಿತರೂ ಹೇಳಿಲ್ಲ. ಮುಂದೆ 94ನೆಯ ವಚನಕ್ಕೆ ಬನ್ನಿರಿ. ಇಹ್ರಾಮ್‌ನಲ್ಲಿರುವ ವಿಶ್ವಾಸಿಗಳ ಕೈಗೂ ಭರ್ಜಿಗೂ ಎಟಕುವಷ್ಟು ಹತ್ತಿರಕ್ಕೆ ಬೇಟೆಯನ್ನು ತಂದು ಅಲ್ಲಾಹನು ಅವರನ್ನು ಪರೀಕ್ಷಿಸುತ್ತಾನೆ, ಕಾಣದೆಯೂ ಅವನನ್ನು ಭಯಪಡುವವರು ಯಾರೆಂದು ಗೊತ್ತಾಗಲಿ ಎಂದು. ಹುದೈಬಿಯಾದ ಯಾತ್ರೆಯಲ್ಲಿ ಇದು ನಡೆಯಿತೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ನಾಲ್ಕನೆಯ ವಚನದಲ್ಲಿ ನಾಯಿಗೆ ಯಾವ ಪರೀಕ್ಷೆಯೋ 94ರಲ್ಲಿ ನಾಯಿಯ ಒಡೆಯನಿಗೂ ಅದೇ ಪರೀಕ್ಷೆ!

ಇನ್ನೊಂದು ವಿಷಯ. ಬೇಟೆಯ ಬೆನ್ನು ಹತ್ತಿದವನು ಗಾಫಿಲ್ ಆಗುತ್ತಾನೆಂದು ಹದೀಸಿನಲ್ಲಿ ಎಚ್ಚರಿಕೆಯಿದೆ. ಆ ದಿನ ಹುಡುಗ ಮಸೀದಿಯ ಹೊರಗೆ ನಿಂತಿದ್ದನೇ ಹೊರತು ಒಳಗೆ ಸಫ್‌ನಲ್ಲಿ ಇರಲಿಲ್ಲ.

ಹಾಗಾದರೆ ನಾಯಿಯನ್ನು ಓಡಿಸಿಬಿಡಬೇಕೇ? ಬೇಡ. ಕಾರಣವಿಲ್ಲದೆ ನಾಯಿ ಸಾಕುವವನ ಪುಣ್ಯ ದಿನವೂ ಕಡಿಮೆಯಾಗುತ್ತದೆಂದು ಹೇಳುವ ಹದೀಸೇ ಮೂರು ಕಾರಣಗಳನ್ನು ಬಿಟ್ಟುಕೊಟ್ಟಿದೆ: ದನಕುರಿಗಳ ಕಾವಲು, ಬೇಟೆ, ಬೆಳೆಯ ಕಾವಲು. ನಮಗೆ ಮುಚ್ಚಿರುವುದು ನಡುವಿನ ಬಾಗಿಲು ಮಾತ್ರ. ಆ ಹುಡುಗನ ಮನೆಯಲ್ಲಿ ಇಪ್ಪತ್ತು ಕುರಿಗಳಿವೆ, ಕಾಲುವೆ ನೀರಿನ ಎರಡು ಎಕರೆ ನೆಲ್ಲಿನ ಗದ್ದೆಯಿದೆ. ಆ ಕಾವಲಿಗೂ ಕಲಿತ ನಾಯಿಯೇ ಬೇಕು. ಕಲಿಯದ ನಾಯಿ ಮೊದಲು ಕೊಲ್ಲುವುದು ಪಕ್ಕದ ಮನೆಯ ಕೋಳಿಯನ್ನು.

ಮರಿಗೆ ಪಾಠ

ಹುಡುಗನ ಮೊದಲ ತಪ್ಪು ಅವಸರ. ಏಳು ತಿಂಗಳಿಗೆ ಈ ನಾಯಿ ನೋಡಲು ದೊಡ್ಡದಾಗಿರುತ್ತದೆ, ಆದರೆ ಎಲುಬು ಇನ್ನೂ ಎಳೆಯದು. ಉದ್ದ ಎಲುಬುಗಳ ತುದಿಯಲ್ಲಿ ಬೆಳೆಯುವ ಮೆದು ಭಾಗ ಗಟ್ಟಿಯಾಗಲು ಸುಮಾರು ಒಂದು ವರ್ಷ ಬೇಕು. ಅದಕ್ಕೆ ಮುಂಚೆ ಪೂರ್ತಿ ವೇಗದಲ್ಲಿ ಓಡಿಸಿ ತಿರುಗಿಸಿದರೆ ಆ ಕಾಲು ಬಾಳಿಡೀ ನೋಯಬಹುದು. ಪಶುವೈದ್ಯರು ಅವನಿಗೆ ಇದನ್ನೇ ಹೇಳಿ ಆರು ವಾರ ಕಟ್ಟಿಹಾಕಿ ನೋಡಿಕೊಳ್ಳಲು ತಿಳಿಸಿದರು. ಮೊದಲ ವರ್ಷ ನಡಿಗೆ, ಆಟ, ಪಾಠ ಇಷ್ಟೇ ಸಾಕು.

ಮೊದಲ ಪಾಠ ಕರೆದಾಗ ಬರುವುದು. ಮರಿ ಎರಡು ತಿಂಗಳದ್ದಿರುವಾಗಲೇ ತೊಡಗಿರಿ. ಪ್ರತಿ ಸಲ ಊಟ ಇಡುವಾಗ ಒಂದೇ ಹೆಸರು, ಒಂದೇ ಸಿಳ್ಳೆ. ಮನೆಯಲ್ಲಿ ಅಣ್ಣ ಒಂದು ಹೆಸರಿನಿಂದ, ತಂಗಿ ಇನ್ನೊಂದರಿಂದ ಕರೆಯಬಾರದು. ಅಂಗಳದಲ್ಲಿ ಬಂದರೆ ಓಣಿಯಲ್ಲಿ ನೋಡಿ, ಓಣಿಯಲ್ಲಿ ಬಂದರೆ ಹೊಲದಲ್ಲಿ ಇಪ್ಪತ್ತು ಅಡಿ ಹಗ್ಗ ಕಟ್ಟಿ ನೋಡಿ. ಓಡುವ ಪ್ರಾಣಿಯನ್ನು ಅದು ನೋಡುವ ಮುಂಚೆಯೇ ಈ ಸಿಳ್ಳೆ ಅದರ ರಕ್ತದಲ್ಲಿ ಇಳಿದಿರಬೇಕು. ನಂತರ ಕಲಿಸುತ್ತೇನೆ ಎಂದರೆ ಕಣ್ಣು ಗೆಲ್ಲುತ್ತದೆ, ಕಿವಿ ಸೋಲುತ್ತದೆ.

ತಡವಾಗಿ ಬಂದ ಮರಿಗೆ ಹೊಡೆಯಬೇಡಿ. ಅದಕ್ಕೆ ತಿಳಿಯುವುದು 'ಓಡಿದ್ದಕ್ಕೆ ಏಟು' ಎಂದಲ್ಲ, 'ಬಂದದ್ದಕ್ಕೆ ಏಟು' ಎಂದು. ನಾಯಿಯ ಮೈ ಏಟು ತಡೆಯಬಲ್ಲದು, ಹಕ್ಕಿಯ ಮೈ ತಡೆಯದು ಎಂದು ಹಳೆಯ ಗ್ರಂಥಗಳಲ್ಲಿ ಇರುವುದು ನಿಜ. ತಡೆಯಬಲ್ಲದು ಎಂಬುದು ಹೊಡೆಯಿರಿ ಎಂಬ ಆಜ್ಞೆಯಲ್ಲ ಎಂದು ನನ್ನ ಅಭಿಪ್ರಾಯ. ಈ ತಳಿ ಮನಸ್ಸಿನಲ್ಲಿ ಬಹಳ ನಾಜೂಕು. ಒಮ್ಮೆ ಹೆದರಿದರೆ ವಾರಗಟ್ಟಲೆ ದೂರ ನಿಲ್ಲುತ್ತದೆ. ನಾನು ಮದ್ರಸ ಸೇರಿದ ಹೊಸತರಲ್ಲಿ ಹಾಜರಿಗೆ ತಡವಾಗಿ ಬಂದ ಹುಡುಗನಿಗೆ ಬೆತ್ತ ಎತ್ತಿದ್ದೆ. ಮರುದಿನದಿಂದ ಅವನು ತಡವಾಗಿ ಬರಲಿಲ್ಲ, ಬರಲೇ ಇಲ್ಲ.

ಎರಡನೆಯ ಪಾಠ 'ಬಿಡು'. ಇದೇ ಮೂರು ಸಲದ ಪರೀಕ್ಷೆಯ ಬೇರು. ಹಳೆಯ ಬಟ್ಟೆಯನ್ನು ಚೆಂಡಿನಂತೆ ಕಟ್ಟಿ ಎಸೆಯಿರಿ. ಬಾಯಲ್ಲಿ ಹಿಡಿದು ಬಂದಾಗ ಕಿತ್ತುಕೊಳ್ಳಬೇಡಿ. ಎಳೆದಷ್ಟೂ ಅದು ಬಿಗಿ ಹಿಡಿಯುತ್ತದೆ. ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರು ತೋರಿಸಿ 'ಬಿಡು' ಎನ್ನಿ. ಬಿಟ್ಟ ಕೂಡಲೇ ರೊಟ್ಟಿ ಕೊಡಿ, ಚೆಂಡನ್ನೂ ಮತ್ತೆ ಎಸೆಯಿರಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಎಂಬ ನಂಬಿಕೆ ಬಂದ ಮೇಲೆ ಚೆಂಡಿನ ಜಾಗದಲ್ಲಿ ರೊಟ್ಟಿ ಇಡಿ. ಕೊನೆಗೆ ಮಾಂಸದ ತುಂಡು. ದಿನಕ್ಕೆರಡು ಬಾರಿ, ಒಂದು ಸಲಕ್ಕೆ ಐದು ಹತ್ತು ನಿಮಿಷ. ಮರಿ ಆಕಳಿಸತೊಡಗಿದರೆ ಪಾಠ ಮುಗಿಯಿತೆಂದು ತಿಳಿಯಿರಿ.

ಮೂರನೆಯದು ಕುರಿ ಕೋಳಿಗಳ ಪರಿಚಯ. ನಾಲ್ಕು ತಿಂಗಳೊಳಗೇ ಹಗ್ಗ ಹಿಡಿದು ಹಿಂಡಿನ ನಡುವೆ ನಡೆಸಿರಿ. ಕುರಿಮರಿಯ ಮೇಲೆ ಕಣ್ಣು ನೆಟ್ಟು ಮೈ ಬಿಗಿದರೆ ಆಗಲೇ ಹೆಸರು ಕರೆಯಿರಿ. ನೆಗೆದ ಮೇಲೆ ಕರೆದು ಫಲವಿಲ್ಲ. ಮುಖ ನಿಮ್ಮ ಕಡೆ ತಿರುಗಿತೋ, ತಲೆ ಸವರಿ ಹೊಗಳಿರಿ. ಹೊಲ ಕಾಯುವಾಗ ಅದನ್ನು ಬೇಲಿಯೊಳಗೇ ಇರಿಸಿರಿ. ಬೊಗಳಿದರೆ ಸಾಕು, ಅಟ್ಟಿಸಿಕೊಂಡು ಹೋಗಬೇಕಿಲ್ಲ.

ವರ್ಷ ತುಂಬಿದ ಮೇಲೆ ಓಟ ಬೇಕೇ ಬೇಕು, ಅದು ಓಡಲೆಂದೇ ಹುಟ್ಟಿದ ಪ್ರಾಣಿ. ಬಟ್ಟೆಯ ತುಂಡನ್ನು ಹಗ್ಗಕ್ಕೆ ಕಟ್ಟಿ ಎಳೆದು ಅದರ ಹಿಂದೆ ಓಡಿಸಬಹುದು. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಆದ್ದರಿಂದ ಸೂರ್ಯ ಏರುವ ಮುಂಚೆ ಮಾತ್ರ. ನಾಲಿಗೆ ಪೂರ್ತಿ ಹೊರಚಾಚಿ ಕಾಲು ತೂರಾಡಿದರೆ ತಕ್ಷಣ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸಿರಿ. ಊಟವಾದ ಎರಡು ಗಂಟೆಯೊಳಗೆ ಓಡಿಸಬೇಡಿ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಸಾಯುವುದುಂಟು. ಎರಡು ನಾಯಿಗಳನ್ನು ಕಾದಾಟಕ್ಕೆ ಬಿಟ್ಟು ಸುತ್ತ ನಿಂತು ಕೂಗುವವರು ಪ್ರಾಣಿಗಳನ್ನು ಪರಸ್ಪರ ಕೆಣಕಬಾರದೆಂಬ ಪ್ರವಾದಿಯವರ(ಸ) ನಿಷೇಧವನ್ನು ಕೇಳಿಲ್ಲವೇ?

ಮನೆಯವರಿಗೆ

ಸಹೋದರಿಯರು ಕೇಳುವುದು ಪಾತ್ರೆ, ಬಟ್ಟೆಗಳ ವಿಷಯ. ನಾಯಿಗೆ ಬೇರೆ ತಟ್ಟೆ, ಹೊರಗೆ ಬೇರೆ ಜಾಗ. ಅದು ಬಾಯಿ ಹಾಕಿದ ಪಾತ್ರೆಯನ್ನು ಶಾಫಿಈಗಳು ಒಂದು ಸಲ ಮಣ್ಣು ಸೇರಿಸಿ ಏಳು ಸಲ ತೊಳೆಯುತ್ತಾರೆ. ಹನಫೀಗಳಲ್ಲಿ ಮೂರು ಸಲ ತೊಳೆಯುವುದು ಕಡ್ಡಾಯ, ಏಳು ಉತ್ತಮ. ಹನಫೀ ಅಭಿಪ್ರಾಯದಲ್ಲಿ ಒಣಗಿದ ಮೈ ತಾಗಿದ ಮಾತ್ರಕ್ಕೆ ಬಟ್ಟೆ ನಾಪಾಕ್ ಆಗದು, ಜೊಲ್ಲು ತಾಗಿದರೆ ಆ ಜಾಗ ತೊಳೆಯಬೇಕು.

ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ಮಕ್ಕಳಿಗೆ ಯಾವ ನಾಯಿ ಕಚ್ಚಿದರೂ, ಪರಚಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಅರಿಸಿನ, ಸುಣ್ಣ ಬೇಡ.

ಬಕ್ರೀದ್‌ನಲ್ಲಿ ಬಹಳ ಮನೆಗಳಲ್ಲಿ ಆಗುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಕುರ್ಬಾನಿಯ ಕುರಿಯ ಪುಪ್ಪುಸ, ಪಿತ್ತಜನಕಾಂಗಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. ನಾವು ತಿನ್ನುವುದಿಲ್ಲ ಎಂದು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆ ಒಂದು ಬಗೆಯ ಲಾಡಿಹುಳುವಿನ ಮರಿಮನೆ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆಯುತ್ತದೆ, ಅದರ ಮೊಟ್ಟೆ ಮಲದ ಮೂಲಕ ಅಂಗಳದ ಮಣ್ಣಿಗೂ ನಾಯಿಯ ಮೈಗೂ ಅಂಟುತ್ತದೆ. ಆಡುವ ಮಗುವಿನ ಕೈಯಿಂದ ಬಾಯಿಗೆ ಹೋದರೆ ಅಂಥದೇ ಗುಳ್ಳೆ ಮಗುವಿನ ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇಂಥ ಭಾಗಗಳನ್ನು ನಾಯಿ ತೋಡಲಾರದಷ್ಟು ಆಳಕ್ಕೆ ಹೂಳಿ ಅಥವಾ ಸುಟ್ಟುಬಿಡಿ. ನಾಯಿಗೆ ವೈದ್ಯರು ಹೇಳಿದ ಅಂತರದಲ್ಲಿ ಹುಳುವಿನ ಔಷಧಿ ತಪ್ಪಿಸಬೇಡಿ.

ಕಳೆದ ತಿಂಗಳು ಆ ಹುಡುಗ ಮತ್ತೆ ಸಿಕ್ಕಿದ್ದ. ನಾಯಿ ಜೊತೆಯಲ್ಲೇ ಇತ್ತು, ಹಗ್ಗವಿರಲಿಲ್ಲ. ಓಡುವಾಗ ಎಡ ಮುಂಗಾಲು ಈಗಲೂ ತುಸು ಎಳೆಯುತ್ತದೆ. ಕಾಲುವೆಯ ಏರಿಯ ಮೇಲೆ ನಾವು ಮಾತನಾಡುತ್ತಿದ್ದಾಗ ಕೆಳಗಿನ ಜಾಲಿ ಪೊದೆಯಿಂದ ಏನೋ ಹಾರಿ ಓಡಿತು. ನಾಯಿ ನಾಲ್ಕು ಹೆಜ್ಜೆ ಮುಂದೆ ನೆಗೆಯಿತು. ಹುಡುಗ ಸಿಳ್ಳೆ ಹಾಕಿದ. ಅದು ನಿಂತಿತು, ಆ ಕಡೆ ಒಮ್ಮೆ ನೋಡಿತು, ನಡುಗುತ್ತಲೇ ತಿರುಗಿ ಬಂದು ಅವನ ಕಾಲ ಬಳಿ ಕುಳಿತಿತು. ಅವನು ಜೇಬಿನಿಂದ ರೊಟ್ಟಿಯ ಚೂರು ತೆಗೆದು ಕೊಟ್ಟ. "ಇದು ಎರಡನೇ ಸಲ ಹಜರತ್," ಎಂದ.